ಕಾಫಿ ಸಪ್ಪೆಯಾದರೆ ಪುಡಿಯನ್ನೇ ಬೈಯಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲುಪಾಲು ಕಾಫಿಯದ್ದೇ. ತುಮಕೂರು ಕಡೆ ತೆಂಗು, ಕೋಲಾರದಲ್ಲಿ ಮಾವು, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ. ಕಾಫಿ ಬೀಜ ಮಾತ್ರ ಕೊಡಗು, ಚಿಕ್ಕಮಗಳೂರು, ಹಾಸನದಿಂದಲೇ ಬರಬೇಕು. ಹಾಗಂತ ಕುಡಿಯುವುದರಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ.

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ಮಗಳ ಮನೆಗೆ ಹೋದರೆ ಕಾಫಿ ಘಮಘಮ ಅನ್ನುತ್ತೆ. ಅದೇ ಪುಡಿ ತಂದು ಇಲ್ಲಿ ಮಾಡಿದರೆ ಸಪ್ಪೆ. ಹಾಲೂ ಅದೇ ನಂದಿನಿ. ಹೊಸ ಫಿಲ್ಟರ್ ಕೂಡ ತಂದಾಯಿತು. ಎಲ್ಲಿ ತಪ್ಪುತ್ತಿದೆ?
– ಗೃಹಿಣಿ, ಚಿಂತಾಮಣಿ

ಉತ್ತರ: ಪುಡಿ ಅದೇ, ಹಾಲು ಅದೇ. ನೀರು ಬೇರೆ, ಅಲ್ವಾ ಅಮ್ಮ? ಮಗಳ ಮನೆಗೆ ಕಾವೇರಿ ನೀರು ಬರುತ್ತಿರಬೇಕು. ನಿಮ್ಮದು ಬೋರ್‌ವೆಲ್ ನೀರು. ಕೋಲಾರ, ಚಿಕ್ಕಬಳ್ಳಾಪುರ ಎರಡರಲ್ಲೂ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಸಾವಿರ ಅಡಿ ಆಳದಿಂದ ಮೇಲೆತ್ತಿದ ನೀರು ಬಂಡೆಯೊಳಗಿನ ಸುಣ್ಣ, ಲವಣ ಎಲ್ಲವನ್ನೂ ಹೊತ್ತೇ ಬರುತ್ತದೆ.

ಒಳ್ಳೆ ಕಾಫಿಯಲ್ಲಿ ಕಹಿಯ ಹಿಂದೆ ಒಂದು ಸಣ್ಣ ಹುಳಿ ಇರುತ್ತದೆ. ನಾಲಿಗೆಗೆ ಅದು ಹುಳಿ ಅಂತ ಗೊತ್ತಾಗುವುದಿಲ್ಲ, ಆದರೆ ಕಾಫಿಗೆ ಜೀವ ಕೊಡುವುದು ಅದೇ. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಆ ಹುಳಿಯನ್ನು ಹೊಡೆದುಹಾಕುತ್ತದೆ. ಮಿಕ್ಕುವುದು ಬರೀ ಕಹಿ. ಜನ ಆಗ ಇನ್ನೊಂದು ಚಮಚ ಪುಡಿ ಹಾಕುತ್ತಾರೆ. ಕಹಿ ಇನ್ನೂ ಜಾಸ್ತಿಯಾಗುತ್ತದೆ, ಘಮ ಬರುವುದಿಲ್ಲ.

ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬೆಳ್ಳಗೆ ಹಕ್ಕಳೆ ಕಟ್ಟಿದ್ದರೆ ಕಾರಣ ಸಿಕ್ಕಿತು ಅಂತಲೇ ತಿಳಿಯಿರಿ. ಫಿಲ್ಟರಿನ ತೂತುಗಳಲ್ಲೂ ಅದೇ ಕೂರುತ್ತದೆ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟು ತೂತು ಮುಚ್ಚಿವೆ ಅಂತ ಗೊತ್ತಾಗುತ್ತದೆ. ಕಾಫಿ ಪುಡಿ ಸಿಕ್ಕಿಕೊಂಡಿದ್ದರೆ ಗ್ಯಾಸ್ ಉರಿಯ ಮೇಲೆ ಹಿಡಿದಾಗ ಸುಟ್ಟು ಉದುರುತ್ತದೆ. ಸುಣ್ಣ ಹಾಗೆ ಹೋಗುವುದಿಲ್ಲ, ಅದಕ್ಕೆ ಹುಳಿಯೇ ಬೇಕು. ಬಿಸಿನೀರಿಗೆ ನಿಂಬೆರಸ ಇಲ್ಲವೇ ಹುಣಸೆಹಣ್ಣು ಕಿವುಚಿ ಹಾಕಿ, ಅರ್ಧ ಗಂಟೆ ನೆನೆಸಿ, ಆಮೇಲೆ ಬ್ರಷ್ಷಿನಲ್ಲಿ ಉಜ್ಜಿ.

ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲಿ ಒಂದು ಸಲ ಡಿಕಾಕ್ಷನ್ ಹಾಕಿ ನೋಡಿ. ಮಳೆನೀರು ಹಿಡಿದಿಟ್ಟಿದ್ದರೆ ಅದೂ ಆದೀತು. ಘಟಕ ಕೆಟ್ಟು ಕೂತಿದ್ದರೆ (ಕೆಡುವುದು ಹೊಸದೇನಲ್ಲ ಬಿಡಿ) ನೀರನ್ನು ಹತ್ತು ನಿಮಿಷ ಕುದಿಸಿ, ಆರಲು ಬಿಟ್ಟು, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಒಂದಷ್ಟು ಸುಣ್ಣ ತಳದಲ್ಲೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಇದು ರುಚಿಗೆ ಮಾತ್ರ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಮಿಕ್ಕಿದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ನೋಡಿಯೇ ಇರುತ್ತಾರೆ. ಅಂಥ ಕಡೆ ಅಡುಗೆಗೂ ಕಾಫಿಗೂ ಶುದ್ಧೀಕರಿಸಿದ ನೀರನ್ನೇ ಬಳಸಿ.

ಪ್ರಶ್ನೆ: ಪುಡಿ ಅಂಗಡಿಯವರು ಪ್ರತಿ ಸಲ ‘ಚಿಕೋರಿ ಎಷ್ಟು ಹಾಕಲಿ ಸಾರ್’ ಅಂತ ಕೇಳುತ್ತಾರೆ. ಚಿಕೋರಿ ಹಾಕುವುದು ಕಲಬೆರಕೆ ಅಲ್ಲವೇ? ಪುಡಿಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು?
– ಕೊಬ್ಬರಿ ವ್ಯಾಪಾರಿ, ತಿಪಟೂರು

ಉತ್ತರ: ಹೇಳಿ ಹಾಕಿದರೆ ಮಿಶ್ರಣ, ಹೇಳದೆ ಹಾಕಿದರೆ ಮೋಸ. ನಮ್ಮ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಲೇಬೇಕು. ಯಾವುದು ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಅಚ್ಚು ಹಾಕಿರಲೇಬೇಕು. ಮುಂದಿನ ಸಲ ಮುಂಭಾಗದ ಚಿತ್ರ ಬಿಟ್ಟು ಆ ಸಣ್ಣಕ್ಷರ ಓದಿ. ‘ಕಾಫಿ 53, ಚಿಕೋರಿ 47’ ಅಂತಿದ್ದರೆ ನೀವು ಕಾಫಿಯ ದುಡ್ಡು ಕೊಟ್ಟು ಹತ್ತಿರಹತ್ತಿರ ಅರ್ಧ ಬೇರಿನ ಪುಡಿ ಮನೆಗೆ ತರುತ್ತಿದ್ದೀರಿ.

ಹೌದು, ಚಿಕೋರಿ ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಬೇರನ್ನು ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬಣ್ಣ ಕಪ್ಪು, ಡಿಕಾಕ್ಷನ್ ಮಂದ. ಹೋಟೆಲಿನಲ್ಲಿ ‘ಸ್ಟ್ರಾಂಗ್ ಕೊಡಪ್ಪ’ ಅಂದಾಗ ಲೋಟಕ್ಕೆ ಬರುವ ಆ ಕಪ್ಪು ಬಣ್ಣ ಎಷ್ಟೋ ಸಲ ಚಿಕೋರಿಯದ್ದು. ನನ್ನನ್ನು ಕೇಳಿದರೆ 80ಕ್ಕೆ 20 ಚೆನ್ನ. ಹಾಲು ಜಾಸ್ತಿ ಹಾಕುವವರು 70ಕ್ಕೆ 30 ಮಾಡಿಸಿಕೊಳ್ಳಲಿ. ಅದಕ್ಕಿಂತ ಮುಂದೆ ಹೋದರೆ ಕಾಫಿಯ ಘಮ ಅಡಗಿಹೋಗುತ್ತದೆ.

ಚಿಕೋರಿ ಇಲ್ಲ ಅಂತ ಹೇಳಿ ಮಾರಿದ ಪುಡಿಯ ಮೇಲೆ ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಮೇಲೆ ಒಂದು ಚಮಚ ಪುಡಿ ಉದುರಿಸಿ. ಕಲಕಬೇಡಿ. ಕಾಫಿಯಲ್ಲಿ ಎಣ್ಣೆಯ ಅಂಶವಿದೆ, ತೇಲುತ್ತದೆ. ಚಿಕೋರಿ ಬೇಗ ನೀರು ಹೀರಿ, ಕಂದು ಗೆರೆ ಎಳೆಯುತ್ತ ಕೆಳಗಿಳಿಯುತ್ತದೆ. ಚಿಕೋರಿ ಇದೆಯೋ ಇಲ್ಲವೋ ಅಷ್ಟೇ ಇದರಿಂದ ಗೊತ್ತಾಗುವುದು, ಎಷ್ಟಿದೆ ಅಂತ ಅಲ್ಲ. ಎಷ್ಟು ಅನ್ನುವುದಕ್ಕೆ ಅಂಗಡಿಯ ತಕ್ಕಡಿಯೇ ದಾರಿ. ಬೀಜವನ್ನೂ ಚಿಕೋರಿಯನ್ನೂ ಬೇರೆಬೇರೆ ತೂಗಿಸಿ, ಕಣ್ಣೆದುರೇ ಪುಡಿ ಮಾಡಿಸಿ. ಒಳ್ಳೆ ವ್ಯಾಪಾರಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ತಾಜಾತನ. ಪುಡಿ ಅಂಗಡಿ ಮುಂದೆ ಹಾದುಹೋಗುವಾಗ ಮೂಗಿಗೆ ಬಡಿಯುವ ಆ ಘಮ ಇದೆಯಲ್ಲ, ಅಷ್ಟೂ ಯಾರದೋ ಪುಡಿಯಿಂದ ಹೊರಟುಹೋದದ್ದು. ಬೀಜ ಇಡಿಯಾಗಿದ್ದಾಗ ಘಮ ಒಳಗೇ ಇರುತ್ತದೆ. ಪುಡಿಯಾದ ಕೂಡಲೇ ಗಾಳಿ ತಾಕುವ ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ, ಘಮ ಹಾರತೊಡಗುತ್ತದೆ. ಹಾಗಾಗಿ ಕಡಿಮೆ ಬೆಲೆಗೆ ಸಿಗುತ್ತೆ ಅಂತ ಒಂದು ಕೆಜಿ ಕಟ್ಟಿಸಬೇಡಿ. ಕಾಲು ಕೆಜಿ ತಂದು ಎರಡು ವಾರದೊಳಗೆ ಮುಗಿಸಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಒಲೆ ಪಕ್ಕ ಇಡಬೇಡಿ, ಒದ್ದೆ ಚಮಚ ಹಾಕಬೇಡಿ.

ಫ್ರಿಜ್ ಬೇಡ. ತಣ್ಣಗಿನ ಡಬ್ಬಿಯನ್ನು ದಿನಕ್ಕೆರಡು ಸಲ ಹೊರಗೆ ತೆಗೆದು ಮುಚ್ಚಳ ತೆರೆದರೆ ಒಳಗೆ ಬೆವರುತ್ತದೆ. ಮೇಲಾಗಿ ಕಾಫಿ ಪುಡಿ ಅಕ್ಕಪಕ್ಕದ ಹೂಕೋಸು, ಹುಳಿ ಹಿಟ್ಟಿನ ವಾಸನೆ ಹೀರಿಕೊಳ್ಳುತ್ತದೆ. ಚಿಕೋರಿ ಇರುವ ಪುಡಿಗೆ ತೇವ ತಾಗಿದರಂತೂ ಗಂಟುಗಂಟಾಗುತ್ತದೆ.

ಪುಡಿ ತಾಜಾ ಇದೆಯಾ ಅಂತ ಫಿಲ್ಟರಿನಲ್ಲೇ ನೋಡಬಹುದು. ಕುದಿ ನಿಂತು ಅರ್ಧ ನಿಮಿಷವಾದ ನೀರನ್ನು ಪುಡಿ ನೆನೆಯುವಷ್ಟು ಮಾತ್ರ ಹಾಕಿ. ಹೊಸದಾಗಿ ಹುರಿದ ಪುಡಿಯಾದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬಂದು ಸಣ್ಣಸಣ್ಣ ಗುಳ್ಳೆ ಎದ್ದು ಉಬ್ಬುತ್ತದೆ. ಹಳೆಯದು ಕೆಸರಿನ ಹಾಗೆ ಸುಮ್ನೆ ಕೂತಿರುತ್ತದೆ. ಹಳೆ ಪುಡಿಯಿಂದ ಆರೋಗ್ಯವೇನೂ ಕೆಡುವುದಿಲ್ಲ, ರುಚಿ ಇರುವುದಿಲ್ಲ ಅಷ್ಟೇ. ತೇವ ತಾಗಿ ಬೂಸಲು ಬಂದಿದ್ದರೆ ಮಾತ್ರ ಎಸೆಯಿರಿ.

ಪ್ರಶ್ನೆ: ಮಗಳು ಪಿಯುಸಿ ಓದುತ್ತಿದ್ದಾಳೆ. ಹಿಮೋಗ್ಲೋಬಿನ್ 9 ಇದೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಊಟವಾದ ತಕ್ಷಣ ಎಲ್ಲರಿಗೂ ಕಾಫಿ ಆಗಬೇಕು. ‘ಕಾಫಿ ರಕ್ತ ಹೀರುತ್ತೆ’ ಅಂತ ಅತ್ತೆ ಹೇಳುತ್ತಾರೆ. ನಿಜವೇ?
– ಶಿಕ್ಷಕಿ, ಮಾಲೂರು

ಉತ್ತರ: ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾಫಿ ರಕ್ತ ಹೀರುವುದಿಲ್ಲ. ಊಟದಲ್ಲಿ ಬಂದ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಹಾಕಿ, ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕಾಫಿ, ಟೀಗಳಲ್ಲಿರುವ ಟ್ಯಾನಿನ್‌ನಂಥ ಒಗರು ಪದಾರ್ಥಗಳ ಕೆಲಸ ಅದು. ಮಾಂಸದ ಕಬ್ಬಿಣಕ್ಕೆ ಇದರಿಂದ ಅಷ್ಟು ತೊಂದರೆಯಿಲ್ಲ. ಪೆಟ್ಟು ಬೀಳುವುದು ರಾಗಿ, ಸೊಪ್ಪು, ಕಾಳಿನ ಕಬ್ಬಿಣಕ್ಕೆ. ಅದು ಮೊದಲೇ ಮೈಗೆ ಹತ್ತುವುದು ಕಷ್ಟ. ಮುದ್ದೆ-ಬಸ್ಸಾರು ಉಂಡು, ಕೈ ತೊಳೆದು, ಕಾಫಿ ಲೋಟ ಹಿಡಿದರೆ ಊಟದ ಲಾಭ ಅಲ್ಲೇ ಸೋರಿಹೋಗುತ್ತದೆ.

1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರಲ್ಲಿ ಕಬ್ಬಿಣ ಹೀರಿಕೊಳ್ಳುವುದು ಶೇ 39ರಷ್ಟು ಇಳಿದಿತ್ತು. ಟೀ ಇನ್ನೂ ಕೆಟ್ಟದು, ಶೇ 64. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ. ಒಂದು ಗಂಟೆ ನಂತರ ಕುಡಿದದ್ದು ಮಾತ್ರ ಜೊತೆಯಲ್ಲಿ ಕುಡಿದಷ್ಟೇ ತೊಂದರೆ ಮಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯೂ ಊಟಕ್ಕೆ ಮುಂಚೆ, ಆಮೇಲೆ ಕನಿಷ್ಠ ಒಂದೊಂದು ಗಂಟೆ ಕಾಫಿ, ಟೀ ಬೇಡ ಅಂತ. ನಿಮ್ಮ ಮಗಳಿಗೆ ಊಟದ ನಂತರ ಎರಡು ಗಂಟೆ ಬಿಡಿಸಿ ಅಂತ ನಾನು ಹೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ, ಒಂದು ಗಂಟೆ ಕಳೆದು ತಿಂಡಿ. ಹೀಗೆ ಮಾಡಿದರೆ ಕಾಫಿಯೂ ತಪ್ಪುವುದಿಲ್ಲ.

ಬಸ್ಸಾರಿಗೋ ಪಲ್ಯಕ್ಕೋ ಉಣ್ಣುವಾಗ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ಊಟದ ಜೊತೆ ಸೀಬೆಹಣ್ಣು, ನೆಲ್ಲಿಕಾಯಿ ಆದರೂ ಸರಿ. ವಿಟಮಿನ್ ಸಿ ಸಿಕ್ಕರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮಾತ್ರೆಯನ್ನು ನೀರಿನಲ್ಲಿ ನುಂಗಲಿ, ಕಾಫಿಯಲ್ಲೂ ಬೇಡ, ಹಾಲಿನಲ್ಲೂ ಬೇಡ. 9 ಅನ್ನುವುದು ಸಣ್ಣ ಕೊರತೆಯಲ್ಲ. ಕಾಫಿ ಹೊತ್ತು ಬದಲಾಯಿಸಿದೆವು ಅಂತ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರು ಹೇಳಿದಾಗ ಮತ್ತೆ ರಕ್ತ ಪರೀಕ್ಷೆ ಮಾಡಿಸಿ.

ಹಾಗಾದರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿಯಲೇಬಾರದಾ? ಹಿಮೋಗ್ಲೋಬಿನ್ ಸರಿ ಇರುವ ಗಂಡಸರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲೆಕ್ಕ ಇಡಬೇಕಾದವರು ಮುಟ್ಟಾಗುವ ಹೆಣ್ಣುಮಕ್ಕಳು, ಬಸುರಿಯರು, ಬೆಳೆಯುವ ಮಕ್ಕಳು.

ಥೈರಾಯ್ಡ್ ಮಾತ್ರೆಯವರಿಗೂ ಇಲ್ಲೇ ಒಂದು ಮಾತು. ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಅರ್ಧದಿಂದ ಒಂದು ಗಂಟೆ ಕಾಯಿರಿ.

ಪ್ರಶ್ನೆ: ನನಗೆ 62. ಬಿಪಿ ಮಾತ್ರೆ ನಡೆಯುತ್ತಿದೆ. ಮನೆಯಲ್ಲಿ ನಾಲ್ಕು ಕಾಫಿ, ಸಂಜೆ ಸ್ನೇಹಿತರ ಜೊತೆ ಎಂ.ಜಿ. ರಸ್ತೆಯಲ್ಲಿ ಎರಡು ಬೈಟು. ರಾತ್ರಿ ನಿದ್ದೆ ಸರಿಯಿಲ್ಲ. ಪೂರ್ತಿ ಬಿಟ್ಟುಬಿಡಲೇ?
– ನಿವೃತ್ತ ನೌಕರ, ತುಮಕೂರು

ಉತ್ತರ: ಪೂರ್ತಿ ಬಿಡಬೇಕಾಗಿಲ್ಲ ಸರ್. ಅದೇ ಪೋಷಣಾ ಸಂಸ್ಥೆ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿ ಅನ್ನುತ್ತದೆ. 150 ಮಿಲಿ ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಇರುತ್ತದೆ. ನಿಮ್ಮ ಲೋಟದ ಅಳತೆ ನೋಡಿಕೊಳ್ಳಿ. ಬೀಜ ಯಾವುದು ಅನ್ನುವುದೂ ಮುಖ್ಯ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ.

ನಿದ್ದೆ ಕೆಡಿಸುತ್ತಿರುವುದು ಸಂಜೆಯದ್ದು. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಸ್ನೇಹಿತರನ್ನು ಬಿಡಬೇಡಿ, ಅಲ್ಲಿ ಬಾದಾಮಿ ಹಾಲು ಹೇಳಿ. ಒಂದೇ ಸಲ ಎಲ್ಲ ನಿಲ್ಲಿಸಿದರೆ ಮರುದಿನವೇ ತಲೆನೋವು ಶುರುವಾಗುತ್ತದೆ. ವಾರಕ್ಕೊಂದು ಲೋಟದಂತೆ ಇಳಿಸಿ. ಚಿಕೋರಿಯನ್ನು ಆಗಲೇ ಬೈದೆ, ಆದರೆ ಇಲ್ಲಿ ಅದು ಕೆಲಸಕ್ಕೆ ಬರುತ್ತದೆ. ಮಧ್ಯಾಹ್ನದ ಲೋಟಕ್ಕೆ ಚಿಕೋರಿ ಜಾಸ್ತಿ ಇರುವ ಪುಡಿ ಹಾಕಿಸಿ.

ಕಾಫಿ ಬಿಪಿಯನ್ನು ಸ್ವಲ್ಪ ಹೊತ್ತು ಏರಿಸುತ್ತದೆ. ದಿನಾ ಕುಡಿಯುವವರಲ್ಲಿ ಆ ಏರಿಕೆ ಕಡಿಮೆ. ಪರೀಕ್ಷೆಗೆ ಅರ್ಧ ಗಂಟೆ ಮೊದಲು ಮಾತ್ರ ಕುಡಿಯಬೇಡಿ, ಸುಮ್ನೆ ಮಾತ್ರೆಯ ಡೋಸ್ ಏರೀತು.

ಸಕ್ಕರೆಯ ಬಗ್ಗೆ ನೀವು ಕೇಳಲಿಲ್ಲ. ನಾನೇ ಹೇಳುತ್ತೇನೆ. ಮನೆಯ ನಾಲ್ಕು ಲೋಟಕ್ಕೆ ಎರಡೆರಡು ಚಮಚದಂತೆ ಎಂಟು ಚಮಚ, ಅಂದರೆ 32ರಿಂದ 40 ಗ್ರಾಂ. ಬೈಟು ಬೇರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಫಿಗಿಂತ ಮೊದಲು ಕಡಿಮೆ ಮಾಡಬೇಕಾದ್ದು ಇದನ್ನು.

ಪ್ರಶ್ನೆ: ಶುಗರ್ ಇರುವವರು ಬೆಲ್ಲದ ಕಾಫಿ ಕುಡಿಯಬಹುದಾ? ಬೆಲ್ಲ ಹಾಕಿದರೆ ಹಾಲು ಒಡೆಯುವುದೇಕೆ?
– ಓದುಗರು, ಶಿರಾ

ಉತ್ತರ: ಬೇಡ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ. ಬೆಲ್ಲದಲ್ಲಿ ಹುಳಿ ಅಂಶವಿದ್ದರೆ ಬಿಸಿ ಹಾಲು ಒಡೆಯುತ್ತದೆ. ಶುಗರ್ ಇಲ್ಲದವರು ಬೆಲ್ಲವನ್ನು ಡಿಕಾಕ್ಷನ್ನಿನಲ್ಲಿ ಕರಗಿಸಿ, ಒಲೆಯಿಂದ ಇಳಿಸಿದ ಹಾಲನ್ನು ಕೊನೆಗೆ ಬೆರೆಸಲಿ. ಆಮೇಲೆ ಮತ್ತೆ ಕುದಿಸಬಾರದು.

ಪ್ರಶ್ನೆ: ನಾಲ್ಕು ತಿಂಗಳ ಬಸುರಿ. ಕಾಫಿ ಬಿಡಬೇಕಾ?
– ಓದುಗರು, ಕೋಲಾರ

ಉತ್ತರ: ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬಾರದು. ಸಣ್ಣ ಲೋಟದಲ್ಲಿ ಒಂದು, ಹೆಚ್ಚೆಂದರೆ ಎರಡು. ಟೀಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬಸುರಿಯರ ಮೈಯಲ್ಲಿ ಕೆಫೀನ್ ಕರಗುವುದು ತುಂಬಾ ನಿಧಾನ. ನಿಮ್ಮ ಡಾಕ್ಟರು ಇನ್ನೂ ಕಡಿಮೆ ಅಂದರೆ ಅವರ ಮಾತೇ ಸರಿ.

ಪ್ರಶ್ನೆ: ನಮ್ಮ ಅಂಗಡಿಯ ಹುಡುಗರಿಗೆ ದಿನಾ ಎರಡು ಹೊತ್ತು ಹೋಟೆಲಿನಿಂದ ಕಾಫಿ ತರಿಸುತ್ತೇನೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಡುತ್ತಾರೆ, ಪೇಪರ್ ಕಪ್ ಜೊತೆಗೆ. ಪರವಾಗಿಲ್ಲವೇ?
– ಬಟ್ಟೆ ವ್ಯಾಪಾರಿ, ಗೌರಿಬಿದನೂರು

ಉತ್ತರ: ಕವರ್ ಇವತ್ತೇ ನಿಲ್ಲಿಸಿ. ಪೇಪರ್ ಕಪ್ಪಿನ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಕಾಫಿ ನಿಲ್ಲುತ್ತಿರಲಿಲ್ಲ. ಬಿಸಿ ಪಾನೀಯ ಹಾಕಿ 15 ನಿಮಿಷ ಬಿಟ್ಟರೆ 100 ಮಿಲಿಗೆ ಸುಮಾರು 25,000 ಪ್ಲಾಸ್ಟಿಕ್ ಕಣ ಸೇರುತ್ತವೆ ಅಂತ ಖರಗ್‌ಪುರ ಐಐಟಿಯವರು ಲೆಕ್ಕ ಕೊಟ್ಟಿದ್ದಾರೆ.

ಹಬೆಯಾಡುವ ಕಾಫಿಯನ್ನು ಗಟಗಟ ಕುಡಿಯಬೇಡಿ ಅಂತಲೂ ಹುಡುಗರಿಗೆ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಯಿಂದ ಕೈಬಿಟ್ಟಿತು. ಆದರೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯದಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಂಭವ ಇದೆ ಅಂದಿತು. ಲೋಟದಿಂದ ಲೋಟಕ್ಕೆ ನಾಲ್ಕು ಸಲ ಎತ್ತಿ ಹೊಯ್ದರೆ ನೊರೆಯೂ ಬರುತ್ತದೆ, ಬಿಸಿಯೂ ಇಳಿಯುತ್ತದೆ.

ಒಂದು ಸ್ಟೀಲ್ ಫ್ಲಾಸ್ಕ್, ತಲೆಗೊಂದು ಸ್ಟೀಲ್ ಲೋಟ ತಂದಿಡಿ. ಸಂಜೆ ಫ್ಲಾಸ್ಕನ್ನು ಬಿಸಿನೀರಿನಲ್ಲಿ ತೊಳೆದು, ಮುಚ್ಚಳದ ರಬ್ಬರನ್ನೂ ಬಿಚ್ಚಿ ಉಜ್ಜಿ, ಬಾಯಿ ತೆರೆದು ಬೋರಲು ಹಾಕಲಿ. ಮುಚ್ಚಿಟ್ಟರೆ ಬೆಳಿಗ್ಗೆಗೆ ಹಳಸಿದ ಹಾಲಿನ ವಾಸನೆ ಬರುತ್ತೆ.