ಪ್ರತಿಕ್ರಿಯೆ: ಮ್ಯಾಕ್ಸ್‌ವಿಲ್‌ನಲ್ಲಿ ಪೈಪ್ ಬ್ಯಾಂಡ್‌ಗಳ ದೊಡ್ಡ ಮೇಳ ತಪ್ಪಿಹೋಗಿದ್ದು ಯಾಕೆ

ಕೆನಡಾದ ಮ್ಯಾಕ್ಸ್‌ವಿಲ್‌ಗೆ ಹೋಗಿಯೂ ನೂರಾರು ಬ್ಯಾಗ್‌ಪೈಪ್ (ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯ) ಒಟ್ಟಿಗೆ ನುಡಿಯುವುದು ಸಿಗಲಿಲ್ಲ ಅಂತ ಬರೆದಿದ್ದೀರಿ. ಬಹುಶಃ ನೀವು ಮೂರು ಗಂಟೆಗೇ ಅಲ್ಲಿಂದ ಹೊರಟಿದ್ದರಿಂದ ಹಾಗಾಯಿತು. ಅಲ್ಲಿ ನಡೆಯುವ ಸ್ಕಾಟಿಷ್ ಸಂಗೀತ, ಕ್ರೀಡೆಗಳ ಹಬ್ಬವಾದ ಗ್ಲೆನ್‌ಗ್ಯಾರಿ ಹೈಲ್ಯಾಂಡ್ ಗೇಮ್ಸ್‌ನಲ್ಲಿ ಶನಿವಾರ ಹಗಲು ಬ್ಯಾಂಡ್‌ಗಳು ಒಂದೊಂದಾಗಿ ಸ್ಪರ್ಧಿಸುತ್ತವೆ. ಎಲ್ಲ ಸೇರಿ ಮೈದಾನಕ್ಕಿಳಿಯುವ ಸಮಾರೋಪ ಸಂಜೆಗೆ.

ಹಬ್ಬ ಆಗಸ್ಟ್ ಮೊದಲ ಸೋಮವಾರದ ಹಿಂದಿನ ಶುಕ್ರವಾರ, ಶನಿವಾರ. ಮೊದಲು ಈ ವರ್ಷದ ವೇಳಾಪಟ್ಟಿ ನೋಡಿ, ಸಮಯ ಆಚೀಚೆ ಆಗಬಹುದು. ಚಿಕ್ಕ ಮಕ್ಕಳಿದ್ದಾರೆ ಅಂದಿರಿ, ಹಾಗಾದರೆ ಊಟ ಮುಗಿಸಿಯೇ ಒಟ್ಟಾವಾದಿಂದ ಹೊರಡಿ. 417 ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆ ದಾರಿ.

ಒಳಗೆ ಹೋದಮೇಲೆ ನೇರ ಗ್ಯಾಲರಿಗೆ ಹೋಗಬೇಡಿ. ಸ್ಪರ್ಧೆಗೆ ಮುಂಚೆ ಬ್ಯಾಂಡ್‌ಗಳು ವೃತ್ತವಾಗಿ ನಿಂತು ಶ್ರುತಿ ಮಾಡಿಕೊಳ್ಳುವ ಜಾಗ ಹುಡುಕಿ. ಒಬ್ಬರು ಸುತ್ತ ನಡೆಯುತ್ತಾ ಪ್ರತಿಯೊಬ್ಬರ ಹೆಗಲ ಮೇಲಿನ ಡ್ರೋನ್ ಕೊಳವೆಯನ್ನು (ಒಂದೇ ಸ್ವರವನ್ನು ಸತತವಾಗಿ ನುಡಿಯುವ ಕೊಳವೆ) ಕೂದಲೆಳೆಯಷ್ಟು ಸರಿಸುತ್ತಾರೆ. ತಂಬೂರಿ ಶ್ರುತಿ ಮಾಡುವುದನ್ನು ಕಂಡವರಿಗೆ ಅದು ತಕ್ಷಣ ಹಿಡಿಸುತ್ತದೆ. ನನಗಂತೂ ಇಡೀ ಹಬ್ಬದಲ್ಲಿ ಅತಿ ಪ್ರಿಯವಾದದ್ದು ಇದೇ.

ಕೇಬರ್ ಎಂಬ ಉದ್ದನೆಯ ಮರದ ದಿಮ್ಮಿಯನ್ನು ದೂರ ಎಸೆದವನು ಸೋತಿದ್ದು ಹೇಗೆ ಅಂತ ಕೇಳಿದ್ದೀರಿ. ಅಲ್ಲಿ ದೂರ ಲೆಕ್ಕಕ್ಕಿಲ್ಲ. ದಿಮ್ಮಿ ಪಲ್ಟಿ ಹೊಡೆದು, ಎಸೆದವನ ನೇರಕ್ಕೆ, ಗಡಿಯಾರದ ಹನ್ನೆರಡರ ದಿಕ್ಕಿಗೆ ಬೀಳಬೇಕು. ಎಸೆಯುವವನ ಹಿಂಬದಿಗೆ ನಿಂತರೆ ಸ್ಪಷ್ಟವಾಗಿ ಕಾಣುತ್ತದೆ.

ಶನಿವಾರ ಸಂಜೆಯವರೆಗೆ ಉಳಿಯುವುದು ಆಗದಿದ್ದರೆ ಶುಕ್ರವಾರ ರಾತ್ರಿಯ ಟ್ಯಾಟೂ (ಹಚ್ಚೆಯಲ್ಲ, ಬ್ಯಾಂಡ್ ಮತ್ತು ಸಂಗೀತದ ಪ್ರದರ್ಶನ) ಕಾರ್ಯಕ್ರಮಕ್ಕೆ ಹೋಗಿ. ಅಲ್ಲೂ ಪೈಪ್ ಬ್ಯಾಂಡ್ ಇರುತ್ತದೆ.