ದಿಬ್ಬದೊಳಗೆ ಹೋಗಲು ಟಿಕೆಟ್ ಇಲ್ಲ

ಪ್ರಶ್ನೆ: ಮಕ್ಕಳ ದಸರಾ ರಜೆಯಲ್ಲಿ, ಅಕ್ಟೋಬರ್ ಮೊದಲ ವಾರ, ಬೀಜಿಂಗ್ ಮತ್ತು ಷಿಯಾನ್‌ಗೆ ಹೋಗಬೇಕೆಂದಿದ್ದೇವೆ. ಷಿಯಾನ್‌ನಲ್ಲಿ ಒಂದು ದಿನವಷ್ಟೇ ಇರುತ್ತೇವೆ. ಚಿನ್ ಷಿ ಹುವಾಂಗ್ ಚಕ್ರವರ್ತಿಯ ಸಮಾಧಿಯೊಳಗೆ ಇಳಿದು ಶವಪೆಟ್ಟಿಗೆ ನೋಡಲು ಯಾವ ಟಿಕೆಟ್ ಕೊಳ್ಳಬೇಕು? ಒಳಗೆ ಪಾದರಸ ತುಂಬಿದೆಯಂತೆ, ಮಕ್ಕಳಿಗೆ ಅಪಾಯವೇ?

ಉತ್ತರ: ಅಂಥ ಟಿಕೆಟ್ ಇಲ್ಲ. ಬೇರೆ ಬೇರೆ ಊರುಗಳಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿಸ್ತಾರವಾಗಿಯೇ ಉತ್ತರಿಸಿ ಲೆಕ್ಕ ಚುಕ್ತಾ ಮಾಡುತ್ತೇನೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಸೈನಿಕರ ಗುಂಡಿಗಳು ಸಮಾಧಿಯಲ್ಲ. ಅವು ಸಮಾಧಿಯಿಂದ ಪೂರ್ವಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ ಕಾವಲಿಗೆಂದು ಹೂತಿಟ್ಟ ಪಡೆ. ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿ ಮಲಗಿರುವುದು, ಗಿಡಮರ ಬೆಳೆದು ಸಾಮಾನ್ಯ ಗುಡ್ಡದಂತೆ ಕಾಣುವ ಮಣ್ಣಿನ ದಿಬ್ಬದ ಅಡಿಯಲ್ಲಿ. ಅದನ್ನು ಪುರಾತತ್ತ್ವಜ್ಞರು ಇನ್ನೂ ಅಗೆದಿಲ್ಲ.

ಪಾದರಸದಿಂದ ನದಿ, ಸಮುದ್ರಗಳನ್ನು ಮಾಡಿ ಒಳಗೆ ಹರಿಸಿದ್ದರೆಂದು ಬರೆದವನು ಸುಮಾರು ನೂರು ವರ್ಷಗಳ ಅನಂತರದ ಇತಿಹಾಸಕಾರ ಸಿಮಾ ಚಿಯೆನ್. ದಿಬ್ಬದ ಮಣ್ಣಿನ ಪರೀಕ್ಷೆಯಲ್ಲಿ ಸುತ್ತಲಿನ ನೆಲಕ್ಕಿಂತ ಹೆಚ್ಚು ಪಾದರಸ ಕಂಡುಬಂದಿರುವುದೂ ನಿಜ. ಆದರೆ ನೀವು ಒಳಗೆ ಇಳಿಯುವುದೇ ಇಲ್ಲ. ನೀವು ನಡೆಯುವುದು ದಿಬ್ಬದ ಸುತ್ತಲಿನ, ಎಲ್ಲರಿಗೂ ತೆರೆದಿರುವ ಉದ್ಯಾನದಲ್ಲಿ. ‘ಪಾದರಸದ ಶಾಪ’ ಎಂದು ಹಿನ್ನೆಲೆ ಸಂಗೀತ ಹಾಕಿ ವಿಡಿಯೊ ಮಾಡುವವರ ಮಾತನ್ನು ನಂಬಿ ಮಕ್ಕಳನ್ನು ಹೆದರಿಸಬೇಡಿ.

ಯಾಕೆ ಅಗೆದಿಲ್ಲ ಎಂಬುದಕ್ಕೆ ಉತ್ತರ ಆ ಸೈನಿಕರ ಮುಖದಲ್ಲೇ ಇದೆ. ಅವರೆಲ್ಲ ಮೊದಲು ಬಣ್ಣದ ಗೊಂಬೆಗಳು. ಬಣ್ಣದ ಕೆಳಗಿನ ಅರಗಿನಂಥ ಪದರವು ಹಸಿ ಮಣ್ಣಿನಿಂದ ಹೊರಬಂದು ಒಣಗಿದ ಕೆಲವೇ ನಿಮಿಷಗಳಲ್ಲಿ ಸುರುಳಿಯಾಗಿ, ಬಣ್ಣವನ್ನೂ ಹೊತ್ತುಕೊಂಡು ಕಳಚಿ ಬೀಳುತ್ತದೆ. ಇನ್ನೊಂದು ಪಾಠ ಕಲಿಸಿದ್ದು ಬೀಜಿಂಗ್ ಬಳಿಯ ಡಿಂಗ್‌ಲಿಂಗ್, ಅಂದರೆ ಮಿಂಗ್ ವಂಶದ ವಾನ್‌ಲಿ ಚಕ್ರವರ್ತಿಯ ಸಮಾಧಿ. 1956ರಲ್ಲಿ ಅದನ್ನು ಅಗೆಯಲು ಆರಂಭಿಸಿದರು. ಹೊರತೆಗೆದ ರೇಷ್ಮೆ ವಸ್ತ್ರಗಳು ಸರಿಯಾದ ಸಂರಕ್ಷಣೆಯಿಲ್ಲದೆ ಹಾಳಾದವು, ಮೂಲ ಶವಪೆಟ್ಟಿಗೆಗಳನ್ನು ಆಚೆ ಎಸೆದರು, 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹುಡುಗರು ಚಕ್ರವರ್ತಿಯ ಮತ್ತು ಇಬ್ಬರು ರಾಣಿಯರ ಎಲುಬುಗಳನ್ನು ಹೊರಗೆಳೆದು ಸುಟ್ಟುಹಾಕಿದರು. ಚಕ್ರವರ್ತಿಗಳ ಸಮಾಧಿಗಳನ್ನು ತಾವಾಗಿ ಅಗೆಯುವುದು ಬೇಡವೆಂಬ ಚೀನಾ ಸರ್ಕಾರದ ನೀತಿಯ ಹಿಂದೆ ಈ ಅನುಭವವಿದೆ. ಡಿಂಗ್‌ಲಿಂಗ್‌ನಲ್ಲಿ ನೀವು ಇಳಿಯಬಹುದು, ಸುಮಾರು 27 ಮೀಟರ್ ಆಳಕ್ಕೆ. ಆದರೆ ಅಲ್ಲಿರುವ ಕೆಂಪು ಪೆಟ್ಟಿಗೆಗಳು ನಕಲು. ನಾನು ಇಳಿದಾಗ ಆ ನಕಲು ಪೆಟ್ಟಿಗೆಗಳ ಮುಂದೆ ಜನ ಎಸೆದ ನೋಟುಗಳು ಹರಡಿ ಬಿದ್ದಿದ್ದವು, ಕಾವಲಿನ ಹೆಂಗಸು ಅತ್ತ ನೋಡದೆ ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತಿದ್ದಳು.

ನನ್ನನ್ನು ಕೇಳಿದರೆ, ಮಿಂಗ್ ಸಮಾಧಿಗಳಲ್ಲಿ ಒಂದನ್ನೇ ನೋಡುವುದಾದರೆ ಯೋಂಗ್‌ಲೆ ಚಕ್ರವರ್ತಿಯ ಚಾಂಗ್‌ಲಿಂಗ್ ನೋಡಿ; ಅಲ್ಲಿನ ಮಂಟಪದಲ್ಲಿ ಇಡೀ ಮರದ ಕಾಂಡಗಳೇ ಕಂಬಗಳಾಗಿ ನಿಂತಿವೆ. ನೆಲದಡಿಗೆ ಇಳಿಯಲೇಬೇಕೆಂಬ ಹಟವಿದ್ದರೆ, ಬೀಜಿಂಗ್‌ನಿಂದ ಸುಮಾರು 125 ಕಿಲೋಮೀಟರ್ ದೂರದ ಪೂರ್ವ ಚಿಂಗ್ ಸಮಾಧಿಗಳಿಗೆ, ಅಂದರೆ ಚೀನಾದ ಕೊನೆಯ ರಾಜವಂಶವಾದ ಚಿಂಗ್‌ನವರ ಸಮಾಧಿಗಳಿಗೆ, ಒಂದು ಪೂರ್ತಿ ದಿನ ಕೊಡಿ. 1799ರಲ್ಲಿ ತೀರಿಕೊಂಡ ಚಿಯೆನ್‌ಲಾಂಗ್ ಚಕ್ರವರ್ತಿಯ ಅಲ್ಲಿನ ಸಮಾಧಿ ಕೋಣೆಯನ್ನು 1928ರಲ್ಲಿ ಸುನ್ ದಿಯಾನ್‌ಯಿಂಗ್ ಎಂಬ ಸೇನಾಧಿಪತಿಯ ಪಡೆ ಸಿಡಿಮದ್ದಿಟ್ಟು ಕೊಳ್ಳೆ ಹೊಡೆಯಿತು. ಆದರೆ ಗೋಡೆಗಳನ್ನು ಹೊತ್ತೊಯ್ಯಲು ಅವರಿಂದಾಗಲಿಲ್ಲ. ಆ ಕಲ್ಲಿನ ಗೋಡೆಗಳ ಮೇಲೆ ಟಿಬೆಟನ್ ಅಕ್ಷರಗಳ ಜೊತೆಗೆ ಸಂಸ್ಕೃತದ ಬೌದ್ಧ ಮಂತ್ರಗಳನ್ನೂ ಕೆತ್ತಿದ್ದಾರೆ. ನಮ್ಮವರು ಅಷ್ಟು ದೂರ ಹೋಗಿ ಅದನ್ನು ನೋಡದೆ ಬರುವುದು ನನಗೆ ಅರ್ಥವಾಗುವುದಿಲ್ಲ.

ಇನ್ನು ನಿಮ್ಮ ದಿನಾಂಕ. ಅಕ್ಟೋಬರ್ 1ರಿಂದ 7ರವರೆಗೆ ಚೀನಾದಲ್ಲಿ ರಾಷ್ಟ್ರೀಯ ದಿನದ ರಜೆ. ಇಡೀ ದೇಶವೇ ಪ್ರವಾಸ ಹೊರಟಿರುತ್ತದೆ, ನಿಮಗೆ ಕಾಣುವುದು ಸೈನಿಕರಲ್ಲ, ಎತ್ತಿ ಹಿಡಿದ ಮೊಬೈಲುಗಳು. ಒಂದು ವಾರ ಮುಂದಕ್ಕೆ ಹಾಕಿ. ಟಿಕೆಟನ್ನು ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮೊದಲೇ ಕಾದಿರಿಸಿ, ಮೂಲ ಪಾಸ್‌ಪೋರ್ಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಸೈನಿಕರ ಗುಂಡಿಗಳನ್ನು ಮೂರು, ಎರಡು, ಒಂದು ಎಂಬ ಕ್ರಮದಲ್ಲಿ ನೋಡಿ, ಏಕೆಂದರೆ ಮೊದಲು ಒಂದನೆಯದನ್ನು ನೋಡಿದವರಿಗೆ ಉಳಿದವು ಸಪ್ಪೆ. 1980ರಲ್ಲಿ ಸಿಕ್ಕ ಕಂಚಿನ ರಥಗಳು ಗುಂಡಿಗಳ ಬಳಿ ಇಲ್ಲ, ದಿಬ್ಬದ ಬಳಿಯ ಉದ್ಯಾನದಲ್ಲಿವೆ. ಅದೇ ಟಿಕೆಟ್ ಸಾಕು, ನಡುವೆ ಬಸ್ ಓಡುತ್ತದೆ. ಎಷ್ಟೋ ಜನ ಇದು ತಿಳಿಯದೆ ಹಿಂತಿರುಗುತ್ತಾರೆ. ‘ಒಳಗಿನ ಅರಮನೆ ತೋರಿಸುತ್ತೇನೆ’ ಎನ್ನುವ ಡ್ರೈವರನ ಕಾರು ಹತ್ತಬೇಡಿ. ನನ್ನನ್ನು ಹಾಗೆ ಕರೆದೊಯ್ದವನು ಸಿಮೆಂಟಿನ ನಕಲನ್ನೂ, ಆಮೇಲೆ ಮಣ್ಣಿನ ಗೊಂಬೆಯ ಅಂಗಡಿಯನ್ನೂ ತೋರಿಸಿ ಅರ್ಧ ದಿನ ತಿಂದುಹಾಕಿದ.

ಪ್ರಶ್ನೆ: ಚಕ್ರವರ್ತಿಯ ಸಮಾಧಿಯ ಮಣ್ಣನ್ನು ತಂದು ಮನೆಯ ಈಶಾನ್ಯದಲ್ಲಿಟ್ಟರೆ ಸಂಪತ್ತು ಬರುತ್ತದೆಂದು ವಾಸ್ತು ಸಲಹೆಗಾರರು ಹೇಳಿದ್ದಾರೆ. ತರಬಹುದೇ?

ಉತ್ತರ: ತರಬೇಡಿ; ಅದೇ ಮಣ್ಣಿನಡಿ ಮಲಗಿದವನ ವಂಶ ಅವನು ಸತ್ತ ನಾಲ್ಕೇ ವರ್ಷಗಳಲ್ಲಿ ಅಳಿಯಿತು, ಸಂಪತ್ತು ಬರುವುದು ನಿಮ್ಮ ಸಲಹೆಗಾರರಿಗೆ ಮಾತ್ರ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೇನು ಮಾಡುವುದು?

ಉತ್ತರ: ಮಾಂಸ, ಮೀನು, ಮೊಟ್ಟೆ ಬೇಡವೆಂದು ಚೀನೀ ಭಾಷೆಯಲ್ಲಿ ಮೊಬೈಲಿನಲ್ಲಿ ಬರೆಸಿಕೊಂಡು ತೋರಿಸಿ, ಚೀಲದಲ್ಲಿ ಚಟ್ನಿಪುಡಿ ಇರಲಿ.

ಪ್ರಶ್ನೆ: ಮಹಾರಾಣಿ ವು ಜೆತಿಯಾನ್‌ಳ ಸಮಾಧಿ ದೂರವೆನ್ನುತ್ತಾರೆ. ಬಿಟ್ಟುಬಿಡಬಹುದೇ?

ಉತ್ತರ: ಎರಡನೆಯ ದಿನವಿದ್ದರೆ ಬಿಡಬೇಡಿ. ಷಿಯಾನ್‌ನಿಂದ ವಾಯವ್ಯಕ್ಕೆ 80 ಕಿಲೋಮೀಟರ್‌ಗೂ ಹೆಚ್ಚು ದೂರದ ಚಿಯೆನ್‌ಲಿಂಗ್‌ನಲ್ಲಿ ಅವಳ ಒಂದಕ್ಷರವೂ ಇಲ್ಲದೆ ನಿಲ್ಲಿಸಿದ ಶಾಸನಗಲ್ಲನ್ನು ನೋಡಿ, ತಲೆ ಕಳೆದುಕೊಂಡು ನಿಂತ 61 ವಿದೇಶಿ ದೂತರ ವಿಗ್ರಹಗಳ ನಡುವೆ ನಡೆಯಿರಿ. ಗುಡ್ಡದೊಳಗಿನ ಸಮಾಧಿ ಮುಚ್ಚಿಯೇ ಇದೆ, ಆದರೆ ಪಕ್ಕದಲ್ಲಿರುವ ರಾಜಕುಮಾರಿ ಯೋಂಗ್‌ತಾಯ್‌ಳ ಸಮಾಧಿಯ ಇಳಿಜಾರಿನಲ್ಲಿ ಕೆಳಗಿಳಿಯಬಹುದು. ಗೋಡೆಯ ಮೇಲಿರುವ ಚಿತ್ರಗಳು ನಕಲು; ಮೂಲ ಚಿತ್ರಗಳು ಷಿಯಾನ್‌ನ ಶಾನ್‌ಶಿ ಇತಿಹಾಸ ಮ್ಯೂಸಿಯಂನಲ್ಲಿವೆ, ಅದಕ್ಕೆ ಸೋಮವಾರ ರಜೆ.