ಟ್ರಂಕಿನ ಮೇಲಿನ ಮಶೀನು

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮ್ಮ ಮನಿಯವರಿಗೆ 52 ವರ್ಷ. ಕಬ್ಬಿನ ಸೀಜನ್ನಿನ್ಯಾಗ ಟ್ರ್ಯಾಕ್ಟರ್ ಹೊಡೀತಾರ. ರಾತ್ರಿ ಗೊರಕಿ ನಡುವ ಉಸುರು ನಿಂತಬಿಡ್ತದ, ನಾ ಎದಿ ಮ್ಯಾಲೆ ಕೈ ಇಟ್ಟು ಎಣಸ್ಕೋತ ಕೂಡ್ತೀನಿ. ಮೂರು ಗುಳಿಗಿ ತಗೊಂಡ್ರೂ ಬಿಪಿ ಇಳೀವಲ್ದು. ಬಾಗಲಕೋಟ್ಯಾಗ ನಿದ್ದಿ ಪರೀಕ್ಷೆ ಮಾಡಿಸಿದ್ರ ತಾಸಿಗೆ 38 ಸಲ ಉಸುರು ಕಟ್ತದ ಅಂತ ಬಂತು. ಮಾಸ್ಕಿನ್ಯಾಗಿಂದ ಗಾಳಿ ಒತ್ತಿ ಉಸುರಿನ ದಾರಿ ತೆರೆದಿಡೂ ಸಿಪ್ಯಾಪ್ ಮಶೀನು ತಂದ್ವಿ. ವಾರ ಹಾಕ್ಕೊಂಡು ಟ್ರಂಕಿನ ಮ್ಯಾಲೆ ಇಟ್ಟಾರ. ಹಾರ್ಟಿಗೆ ಅದರಿಂದ ಉಪಯೋಗಿಲ್ಲಂತ ಸಂಶೋಧನೆ ಆಗೇದಂತ ಮೈದುನ ಮೊಬೈಲ್‌ನ್ಯಾಗ ತೋರಿಸಿದ. ಈಗೀಗ ಮರವು ಭಾಳ; ಇಸಗೊಂಡ ರೊಕ್ಕಾನೂ ನೆನಪಿರೂದಿಲ್ಲ. ಏನ್ಮಾಡ್ಲಿ?
– ಒಬ್ಬ ಓದುಗರು, ಮುಧೋಳ ತಾಲ್ಲೂಕು

ಉತ್ತರ: ಅಕ್ಕಾರ, ಎದೆಯ ಮೇಲೆ ಕೈಯಿಟ್ಟು ಎಣಿಸುತ್ತೀರಿ ಎಂದು ಓದಿದಾಗ ನಮ್ಮವ್ವ ಕಣ್ಣಮುಂದೆ ಬಂದಳು. ವಿಜಯಪುರದ ನಮ್ಮ ಮನೆಯಲ್ಲಿ ಅಪ್ಪನ ಗೊರಕೆ ಪಡಸಾಲೆ ದಾಟಿ ಓಣಿಗೆ ಕೇಳುತ್ತಿತ್ತು. ದುಡಿದ ಜೀವ, ಒಳ್ಳೆ ನಿದ್ದೆ ಅಂದುಕೊಂಡೆವು. 61ನೇ ವಯಸ್ಸಿಗೆ ಒಂದು ನಸುಕಿನಲ್ಲಿ ಲಕ್ವಾ ಹೊಡೆಯಿತು. ಅಪ್ಪನ ಗೊರಕೆಯನ್ನೂ ಬಿಪಿಯನ್ನೂ ಕೂಡಿಸಿ ನೋಡಲು, ಆಗ ವೈದ್ಯಕೀಯ ಓದುತ್ತಿದ್ದ ನನಗೂ ಹೊಳೆಯಲಿಲ್ಲ.

ನಿಮ್ಮವರಿಗಿರುವುದು ‘ಸ್ಲೀಪ್ ಆಪ್ನಿಯಾ’, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಇದರಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ದೇಹವನ್ನು ಬಡಿದೆಬ್ಬಿಸುತ್ತದೆ, ಬಿಪಿ ಜಿಗಿಯುತ್ತದೆ. ಹೀಗಾಗುವುದು ತಾಸಿಗೆ 30 ಸಲ ದಾಟಿದರೆ ನಾವು ತೀವ್ರ ಎನ್ನುತ್ತೇವೆ. ನಿಮ್ಮವರದು 38, ಏಳು ತಾಸಿಗೆ 266 ಸಲ. ರಾತ್ರಿ ಇಳಿಯಬೇಕಾದ ಬಿಪಿಗೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. ಮೂರು ಗುಳಿಗೆಗೂ ಬಗ್ಗದ ಬಿಪಿಯ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಎದೆಬಡಿತ ತಾಳ ತಪ್ಪುವ ಕಾಯಿಲೆಯೂ ಲಕ್ವಾವೂ ಇಂಥವರಲ್ಲಿ ಹೆಚ್ಚು.

ನಿಮ್ಮ ಮೈದುನ ತೋರಿಸಿದ್ದು 2016ರಲ್ಲಿ ಪ್ರಕಟವಾದ ‘ಸೇವ್’ ಅಧ್ಯಯನ ಇರಬೇಕು. ಅದಾಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ತೊಂದರೆಯಿದ್ದ ಸುಮಾರು 2,700 ಜನರಲ್ಲಿ, ಸಿಪ್ಯಾಪ್‌ನಿಂದ ಹೃದಯಾಘಾತ, ಲಕ್ವಾ ಕಡಿಮೆಯಾಗಲಿಲ್ಲ. ಅದು ನಿಜ. ಆದರೆ ಅವರು ಮಶೀನು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ತಾಸು ಮಾತ್ರ. ಹಗಲು ವಿಪರೀತ ತೂಕಡಿಸುವವರನ್ನು ಸೇರಿಸಿಕೊಂಡೇ ಇರಲಿಲ್ಲ. ಮಶೀನು ಹಾರ್ಟ್ ಅಟ್ಯಾಕ್ ತಡೆದೇ ತಡೆಯುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಮೂಗಿಗೆ ಹಾಕಿಕೊಂಡಷ್ಟು ಹೊತ್ತು ಉಸಿರಿನ ದಾರಿ ತೆರೆದಿರುತ್ತದೆ, ಬಿಪಿ ಸ್ವಲ್ಪವಾದರೂ ಇಳಿಯುತ್ತದೆ, ಹಗಲಿನ ತೂಕಡಿಕೆ ಕಡಿಮೆಯಾಗುತ್ತದೆ. ಬಿಪಿ ಗುಳಿಗೆ ಮಾತ್ರ ಬಿಡಬಾರದು.

ಮರೆವಿನ ಬಗ್ಗೆ ಈಗಲೇ ಎದೆಗೆಡಬೇಡಿ. ಹಗಲು ಕಂಡದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ಆ ನಿದ್ದೆ ಚೂರುಚೂರಾದರೆ ಗಮನ ನಿಲ್ಲುವುದಿಲ್ಲ, ರೊಕ್ಕದ ಲೆಕ್ಕವೂ ನಿಲ್ಲುವುದಿಲ್ಲ. ಚಿಕಿತ್ಸೆ ಸರಿಹೋದ ಮೇಲೆ ಇಂಥ ಮಂಕು ಎಷ್ಟೋ ಜನರಲ್ಲಿ ಕಡಿಮೆಯಾಗುವುದನ್ನು ಕಂಡಿದ್ದೇನೆ. ಕೆಲವು ತಿಂಗಳಾದರೂ ಇಳಿಯದಿದ್ದರೆ ಥೈರಾಯ್ಡ್, ಬಿ12 ನೋಡಿಸಿ, ನೆನಪಿನ ಪರೀಕ್ಷೆ ಮಾಡಿಸೋಣ.

ಒಂದೇ ವಾರಕ್ಕೆ ಬಿಟ್ಟರೆಂದರೆ ಬಹುಶಃ ಮಾಸ್ಕಿನ ಅಳತೆ ತಪ್ಪಿದೆ. ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆಯೇ, ಬಾಯಿ ಒಣಗುತ್ತದೆಯೇ ಕೇಳಿ; ಮಶೀನು ಕೊಟ್ಟವರ ಹತ್ತಿರ ಬೇರೆ ಮಾಸ್ಕು, ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಕೇಳಿ ತನ್ನಿ. ಮೊದಲು ಸಂಜೆ ಟಿವಿ ಮುಂದೆ ಅರ್ಧ ತಾಸು ಹಾಕಿಕೊಂಡು ಕೂಡಲಿ. ಮಗ್ಗಲಾಗಿ ಮಲಗಿಸಿ. ಕುಡಿತ ಬೇಡ, ಕೇಳದೆ ನಿದ್ದೆಗುಳಿಗೆ ಬೇಡ. ಎಷ್ಟು ತಾಸು ನಡೆಯಿತೆಂದು ಮಶೀನೇ ಬರೆದಿಟ್ಟುಕೊಳ್ಳುತ್ತದೆ. ತಿಂಗಳಾದ ಮೇಲೆ ಅದನ್ನು ನಿಮ್ಮ ಡಾಕ್ಟರಿಗೆ ತೋರಿಸಿ.

ಅಲ್ಲಿಯವರೆಗೆ ಟ್ರ್ಯಾಕ್ಟರಿನ ಕೀಲಿ ನಿಮ್ಮ ಹತ್ತಿರ ಇರಲಿ, ಅಕ್ಕಾರ. ಕಬ್ಬಿನ ಎರಡು ಟ್ರೇಲರ್ ಹಿಂದೆ ಕಟ್ಟಿಕೊಂಡು ತೂಕಡಿಸುವವರನ್ನು ರಸ್ತೆಗೆ ಬಿಡಬೇಡಿ. ಈ ಸೀಜನ್ ಮೈದುನನೇ ಹೊಡೆಯಲಿ.